ಪೀಸಾ ಪಟ್ಟಣದ ಘಂಟಾಗೋಪುರ

ಇಟಲಿ ದೇಶದ ಪಶ್ಚಿಮ ಭಾಗದಲ್ಲಿ, ಆರ್ನೋ ಎಂಬ ನದಿಯು ಸಮುದ್ರವನ್ನು ಸೇರುವ ಸ್ಥಳಕ್ಕೆ ಕೆಲವೇ ಮೈಲಿಗಳ ಮೇಲೆ, ಪೀಸಾ ಎಂಬ ಪುರಾತನ ಪಟ್ಟಣವಿರುತ್ತದೆ. ಆ ಪಟ್ಟಣದ ಹೆಸರನ್ನು ಕೇಳದವರು ನಮ್ಮ ಓದುಗರಲ್ಲಿ ವಿರಳ. ವಾಲಿಕೊಂಡು ನಿಂತಿರುವ ಅದರ ಗೋಪುರದ ಚಿತ್ರವನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿಯೇ ಕಂಡಿರುವೆವು. ಆದರೆ ಆ ಚಿತ್ರವನ್ನು ಕಂಡವರು ಬಹುಮಟ್ಟಿಗೆ ಅದನ್ನೊಂದು ವಿನೋದದ ವಸ್ತುವೆಂದೆಣಿಸಿ ಪುಟವನ್ನು ತಿರುವಿಬಿಡುವರು. ಅದು ಒಂದು ದೇವಾಲಯದ ಗಂಟೆಗಳನ್ನು ತೂಗಹಾಕುವುದಕ್ಕಾಗಿ ಕಟ್ಟಿದ ಗೋಪುರವೆಂಬುದು ಕೂಡ ಎಷ್ಟೋ ಜನರಿಗೆ ತಿಳಿಯದು. ಅದು ವಾಲಿತೇಕೆ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುವರು. ಅಷ್ಟು ವಾಲಿಯೂ ಎಂಟುನೂರು ವರ್ಷಗಳಿಂದ ಬೀಳದೆ ನಿಂತಿತೇಕೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಮೆ. ಈ ಎರಡನೆಯ ಪ್ರಶ್ನೆಯೇ ಮೊದಲನೆಯದಕ್ಕಿಂತ ಹೆಚ್ಚು ವಿಚಾರಯೋಗ್ಯವಾದುದೆಂದು ನಮಗೆ ತೋರುವುದರಿಂದ, ಅದನ್ನು ಮುಖ್ಯವಾಗಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇವೆ.

ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಪೀಸಾ ಪಟ್ಟಣವು ಯಾವ ಅರಸನಿಗೂ ಅಡಿಯಾಳಾಗಿರದೆ, ತನ್ನ ಹಡಗುಗಳ ಬಲದಿಂದಲೇ ಬಾಳುತ್ತಿದ್ದ ಪ್ರಬಲ ರಾಜ್ಯವಾಗಿತ್ತು. ಕ್ರಿ. ಶ. ೧೦೬೩ ರಲ್ಲಿ ಅದರ ನೌಕಾಪಡೆಯು ಸಿಸಿಲಿ ದ್ವೀಪದ ಪಾಲೆರ್ಮೋ ರೇವಿನ ಮೇಲೆ ದಾಳಿ ಮಾಡಿ ಅಪಾರವಾದ ಧನವನ್ನು ಸೂರೆಮಾಡಿಕೊಂಡು ಬಂದಿತು. ಆ ಧನದಿಂದ ಪೀಸಾದವರು ಊರಿನ ವಾಯವ್ಯ ಮೂಲೆಯಲ್ಲಿ ಒಂದು ಮಹಾದೇವಾಲಯವನ್ನು ಕಟ್ಟಲಾರಂಭಿಸಿದರು. ಬುಸ್ಕೇತೋ ಎಂಬವನು ಅದರ ಶಿಲ್ಪಿ. ೧೧೧೮ ರಲ್ಲಿ ಎರಡನೆಯ ಗೆಲಾಸಿಯುಸ್ ಎಂಬ ಪೋಪನು ಅದನ್ನು ಪ್ರತಿಷ್ಠೆ ಮಾಡಿದನು. ಬಳಿಕ ೧೧೫೨ ರಲ್ಲಿ ದೇವಾಲಯದ ಎದುರಿಗೆ ದೀಕ್ಷಾಸ್ನಾನ ಮಂದಿರದ ಕೆಲಸವು ಮೊದಲಾಯಿತು. ಇನ್ನು ಉಳಿದದ್ದು ಗಂಟೆಗಳಿಗೆ ಒಂದು ಗೋಪುರ. ನಮ್ಮ ದೇಶದ ಚರ್ಚುಗಳಲ್ಲಿ ಗಂಟೆಯ ಗೋಪುರವು ಸಾಮಾನ್ಯವಾಗಿ ಮುಂಬಾಗಿಲ ಮೇಲೆಯೇ ಎದ್ದಿರುವುದನ್ನು ನಾವು ಕಾಣುತ್ತೇವೆ. ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಜೋಡಿಗೋಪುರಗಳು ಇದಕ್ಕೆ ನಿದರ್ಶನ. ಇಟಲಿಯಲ್ಲಾದರೋ ಗೋಪುರವನ್ನು ದೇವಾಲಯಕ್ಕೆ ಅಂಟಿಸದೆ, ಅದರ ಬದಿಯಲ್ಲಿ ಪ್ರತ್ಯೇಕವಾಗಿ ನಿಲ್ಲಿಸುವ ವಾಡಿಕೆಯು ಬಹಳ ಕಡೆಗಳಲ್ಲಿ ಉಂಟು. ಹೀಗೆ ಒಂಟಿಯಾಗಿ ನಿಂತ ಗೋಪುರಕ್ಕೆ ದೇವಾಲಯದ ಗೋಡೆಗಳ ಆಸರೆಯಿರುವುದಿಲ್ಲ. ತನ್ನ ಕಾಲ ಕೆಳಗಿನ ನೆಲವೊಂದನ್ನೇ ಅದು ನಂಬಿರಬೇಕು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಬೇಡುತ್ತೇವೆ.

ದೇವಾಲಯವು ಯುದ್ಧದ ಸೂರೆಯಿಂದ ಎದ್ದಿತಷ್ಟೆ. ಗೋಪುರದ ಚರಿತ್ರೆಯಲ್ಲಿ ನಮಗೆ ಸಿಕ್ಕುವ ಮೊದಲನೆಯ ಹೆಸರು ಸೇನಾಪತಿಯದೂ ಅಲ್ಲ, ಶಿಲ್ಪಿಯದೂ ಅಲ್ಲ, ಒಬ್ಬ ವಿಧವೆಯದು. ಬೆರ್ನಾರ್ದೋ ಎಂಬವನ ಮಗಳಾದ ಬೆರ್ತಾ ಎಂಬಾಕೆಯು ೧೧೭೨ ರ ಜನವರಿ ತಿಂಗಳಲ್ಲಿ ಬರೆಯಿಸಿದ ಮರಣಶಾಸನದಲ್ಲಿ, ಗೋಪುರಕ್ಕೆ ಕಲ್ಲುಗಳನ್ನು ಕೊಳ್ಳುವ ಸಲುವಾಗಿ ಅರುವತ್ತು ಸೋಲ್ದಿ ನಾಣ್ಯಗಳನ್ನು ದೇವಾಲಯದ ಆಡಳಿತಕ್ಕೆ ಬಿಟ್ಟುಕೊಟ್ಟಿದ್ದಾಳೆ. ಮಾರನೆಯ ವರ್ಷ, ಅಂದರೆ ೧೧೭೩ ರ ಆಗಸ್ಟ್ ತಿಂಗಳಲ್ಲಿ, ಅಸ್ತಿವಾರದ ಕೆಲಸವು ಆರಂಭವಾಯಿತು. ಶಿಲ್ಪಿ ಯಾರೆಂಬ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಕಂಚಿನ ಬಾಗಿಲುಗಳ ಕೆಲಸದಲ್ಲಿ ಪ್ರಖ್ಯಾತನಾದ ಬೊನಾನ್ನೋ ಎಂಬವನೆಂದು ಹಿಂದಿನವರು ಹೇಳುತ್ತಿದ್ದರು. ೧೮೨೦ ರಲ್ಲಿ ಗೋಪುರದ ಬುಡದಲ್ಲಿ ಅವನ ಹೆಸರುಳ್ಳ ಒಂದು ತುಣುಕು ದೊರೆತುದೂ ನಿಜ. ದೀಕ್ಷಾಸ್ನಾನ ಮಂದಿರವನ್ನು ಕಟ್ಟಿದ ದಿಯೋತಿಸಾಲ್ವಿ ಎಂಬವನೇ ಇದನ್ನೂ ಕಟ್ಟಿದನೆಂದು ಬೇರೆ ಕೆಲವರು ವಾದಿಸುವರು. ತನ್ನ ಇತರ ಕಟ್ಟಡಗಳ ಮೇಲೆ ಹೆಸರನ್ನು ಕೆತ್ತುತ್ತಿದ್ದ ಶಿಲ್ಪಿಯು ಇದರ ಮೇಲೆ ಮಾತ್ರ ಕೆತ್ತದಿರುವುದಕ್ಕೆ ಕಾರಣವೇನಿರಬಹುದೆಂದು ಯಾರಾದರೂ ನಕ್ಕರೆ ಅವರನ್ನು ತಪ್ಪಿಗೆ ಗುರಿಮಾಡಲಾರೆವು.

ಇನ್ನು ಗೋಪುರದ ರಚನೆಯನ್ನು ನೋಡೋಣ. ಅದರ ಆಕಾರವು ದುಂಡನೆಯ ಕೊಳವೆಯಂತಿದೆ. ಚಚ್ಚೌಕದ ಗೋಪುರಗಳೇ ವಾಡಿಕೆಯಾಗಿದ್ದ ಆ ಕಾಲದಲ್ಲಿ ಇದೊಂದು ವಿಶೇಷವೇ ಸರಿ. ಬುಡದಲ್ಲಿ ಅದರ ಅಡ್ಡಳತೆಯು ಸುಮಾರು ೫೧ ಅಡಿ. ಎತ್ತರವು ಸುಮಾರು ೧೮೪ ಅಡಿ. ಒಟ್ಟು ತೂಕವು ಸುಮಾರು ೧೪,೫೦೦ ಟನ್ನು. ಇದಕ್ಕೆ ಎಂಟು ಅಂತಸ್ತುಗಳುಂಟು. ಕೆಳಗಿನ ಅಂತಸ್ತಿನಲ್ಲಿ ಗೋಡೆಗೆ ಅಂಟಿದ ಹದಿನೈದು ಮುಚ್ಚುಗಮಾನುಗಳಿವೆ. ಅದರ ಮೇಲೆ ಆರು ಅಂತಸ್ತುಗಳಲ್ಲಿ ಒಂದೊಂದಕ್ಕೆ ಮೂವತ್ತು ಕಂಬಗಳಂತೆ, ಸುತ್ತಲೂ ತೆರೆದ ಮೊಗಸಾಲೆಗಳಿವೆ. ಎಲ್ಲಕ್ಕೂ ಮೇಲೆ, ತುಸು ಕಿರಿದಾದ ಸುತ್ತಳತೆಯಲ್ಲಿ, ಗಂಟೆಗಳ ಮಂಟಪವಿದೆ. ಬಿಳಿಯ ಅಮೃತಶಿಲೆಯ ಆ ಕಂಬಗಳ ಸಾಲುಗಳು ಒಂದರ ಮೇಲೊಂದು ಏರಿಹೋಗುವ ಅಂದವನ್ನು ಕಂಡವರು, ಅಷ್ಟು ಭಾರವಾದ ಕಟ್ಟಡವು ಜರತಾರಿಯ ಹೆಣಿಗೆಯಂತೆ ಹಗುರಾಗಿ ತೋರುವುದಲ್ಲಾ ಎಂದು ಬೆರಗಾಗುವರು. ಪಕ್ಕದ ದೇವಾಲಯದ ಮುಖದ ಮೇಲೂ ಇಂಥವೇ ಕಂಬಗಳ ಸಾಲುಗಳಿರುವುದರಿಂದ, ಗೋಪುರವು ಬೇರೆಯಾಗಿ ನಿಂತಿದ್ದರೂ ಒಂದೇ ಮನೆತನದ್ದೆಂದು ನೋಡಿದೊಡನೆ ಗೊತ್ತಾಗುತ್ತದೆ.

ಹೊರಗಿನ ಈ ಅಂದದ ಒಳಗೆ ಇರುವ ಸಂಗತಿಯು ಬೇರೆ. ಗೋಪುರದ ಗೋಡೆಯು ಇಡಿಯ ಅಮೃತಶಿಲೆಯಲ್ಲ. ಹೊರಮೈಗೆ ಒಂದು ಪದರ, ಒಳಮೈಗೆ ಒಂದು ಪದರ ಕಲ್ಲನ್ನು ಹೊದಿಸಿ, ನಡುವಣ ಎಡೆಯನ್ನು ಜಲ್ಲಿ ಗಾರೆಗಳಿಂದ ತುಂಬಿದ್ದಾರೆ. ಗೋಡೆಯ ದಪ್ಪದೊಳಗೆಯೇ ಸುತ್ತಿ ಸುತ್ತಿ ಏರುವ ಮೆಟ್ಟಲುದಾರಿಯನ್ನು ಕೊರೆದಂತೆ ಬಿಟ್ಟಿದ್ದಾರೆ. ಗೋಪುರದ ನಡುಭಾಗವು ಬಾವಿಯಂತೆ ಬರಿದು. ಸುಮಾರು ಮುನ್ನೂರು ಮೆಟ್ಟಲುಗಳ ಆ ದಾರಿಯನ್ನು ಏರುವವರಿಗೆ ಒಂದು ಸುತ್ತಿನಲ್ಲಿ ಮೈ ಒಳಗೋಡೆಗೂ ಇನ್ನೊಂದು ಸುತ್ತಿನಲ್ಲಿ ಹೊರಗೋಡೆಗೂ ತಾನಾಗಿ ಒರಗಿಬಿಡುತ್ತದಂತೆ. ಶತಮಾನಗಳಿಂದ ಜನರು ತುಳಿದ ಮೆಟ್ಟಲುಗಳು ಸವೆದು ಗುಳಿಬಿದ್ದಿವೆ.

ಇಷ್ಟು ಭಾರವನ್ನು ಹೊತ್ತ ಅಸ್ತಿವಾರವು ಸುಮಾರು ಹತ್ತು ಅಡಿಗಳಷ್ಟು ಮಾತ್ರ ಆಳವುಳ್ಳದ್ದು! ಅದರ ಕೆಳಗಿನ ನೆಲವಾದರೂ ಎಂಥದು? ಪೀಸಾದ ಮೈದಾನವು ನದಿಯೂ ಸಮುದ್ರವೂ ಕೂಡಿ ತಂದುಹಾಕಿದ ಮೆಕ್ಕಲು. ಮೇಲಣ ಮೂವತ್ತು ಅಡಿಗಳಷ್ಟು ಮರಳೂ ಹೂಳೂ ಬೆರೆತ ಮಣ್ಣು. ಅದರಡಿಯಲ್ಲಿ, ನೆಲದಿಂದ ಸುಮಾರು ೧೩೦ ಅಡಿ ಆಳದವರೆಗೆ, ಸಮುದ್ರದ ತಳದಲ್ಲಿ ಸೇರಿಕೊಂಡ ಬಹು ಮೆತ್ತನೆಯ ಜೇಡಿಮಣ್ಣು. ಅದಕ್ಕೂ ಕೆಳಗೆ ಗಟ್ಟಿಯಾದ ಮರಳು. ನಮ್ಮ ಧಾರವಾಡ ವಿಜಾಪುರ ಸೀಮೆಗಳ ಎರೆಭೂಮಿಯಲ್ಲಿ ಮನೆ ಕಟ್ಟಿಸಿದವರಿಗೆ ಮಣ್ಣಿನ ಚಾಳಿಯೇನೆಂಬುದು ಚೆನ್ನಾಗಿ ತಿಳಿದಿದೆ. ಎರೆಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿದು ಗೋಡೆಗಳನ್ನು ಸೀಳಿಬಿಡುವುದು. ಪೀಸಾದ ಜೇಡಿಯ ಚಾಳಿ ಅದಲ್ಲ. ಅದು ಭಾರ ಬಿದ್ದರೆ ಅಮರಿಕೊಳ್ಳುವುದು. ಗೋಪುರವು ಕಟ್ಟಿದಂದಿನಿಂದ ಇಂದಿನವರೆಗೆ ನೆಲದೊಳಕ್ಕೆ ಸುಮಾರು ಹತ್ತು ಅಡಿಗಳಷ್ಟು ಇಳಿದಿದೆಯೆಂದರೆ ಓದುಗರು ಆಶ್ಚರ್ಯಪಟ್ಟಾರು. ಎಲ್ಲ ಕಡೆಗೂ ಸಮವಾಗಿ ಇಳಿದಿದ್ದರೆ ಯಾರೂ ಅದನ್ನು ಗಮನಿಸುತ್ತಿರಲಿಲ್ಲ. ದಕ್ಷಿಣದ ಕಡೆಗೆ ಹೆಚ್ಚು ಇಳಿಯಿತಾದುದರಿಂದ ಗೋಪುರವು ವಾಲಿತು.

ಈಗ ನಾವು ಮೊದಲು ಹೇಳಿದ ಎರಡನೆಯ ಪ್ರಶ್ನೆಗೆ ಬರುತ್ತೇವೆ. ೧೧೭೩ ರಲ್ಲಿ ಆರಂಭವಾದ ಕೆಲಸವು ೧೧೭೮ ರ ಸುಮಾರಿಗೆ, ನಾಲ್ಕನೆಯ ಅಂತಸ್ತು ಅರೆಬರೆಯಾಗಿದ್ದಾಗಲೇ ನಿಂತುಹೋಯಿತು. ನೆರೆಯ ಪಟ್ಟಣಗಳೊಡನೆ ಪೀಸಾಕ್ಕೆ ಮೇಲಿಂದ ಮೇಲೆ ಒದಗಿದ ಯುದ್ಧಗಳೇ ಇದಕ್ಕೆ ಕಾರಣವೆಂದು ಚರಿತ್ರಕಾರರು ಹೇಳುವರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ತೊಂಬತ್ತಕ್ಕೂ ಮೇಲ್ಪಟ್ಟ ವರ್ಷಗಳ ಕಾಲ ಆ ಮೊಂಡು ಗೋಪುರವು ಹಾಗೆಯೇ ನಿಂತಿತ್ತು. ಅದರ ಮೊದಲ ಕಲ್ಲನ್ನು ಹೊತ್ತವರ ಮೊಮ್ಮಕ್ಕಳು ಅದನ್ನು ಹಾಗೆಯೇ ನೋಡುತ್ತ ಮುದುಕರಾಗಿರಬೇಕು. ೧೨೭೨ ರಲ್ಲಿ ಕೆಲಸವು ಮತ್ತೆ ಮೊದಲಾಗಿ, ಕೆಲವೇ ವರ್ಷಗಳಲ್ಲಿ ಏಳನೆಯ ಅಂತಸ್ತಿನವರೆಗೆ ಏರಿ, ಪುನಃ ನಿಂತಿತು. ೧೨೮೪ ರಲ್ಲಿ ಮೆಲೋರಿಯಾ ಎಂಬ ಸ್ಥಳದ ಬಳಿ ಜೆನೋವಾದವರೊಡನೆ ನಡೆದ ನೌಕಾಯುದ್ಧದಲ್ಲಿ ಪೀಸಾದ ಹಡಗುಗಳು ನಾಶವಾಗಿ, ಸಾವಿರಾರು ಮಂದಿ ಸೆರೆಸಿಕ್ಕಿದರು. ಆ ಪೆಟ್ಟಿನಿಂದ ಪಟ್ಟಣವು ಪೂರ್ತಿಯಾಗಿ ಎಂದಿಗೂ ಚೇತರಿಸಿಕೊಳ್ಳಲಿಲ್ಲ. ಗಂಟೆಯ ಮಂಟಪವನ್ನು ಕಟ್ಟಿ ಮುಗಿಸುವ ಹೊತ್ತಿಗೆ ೧೩೭೦ ರ ಆಸುಪಾಸಾಗಿತ್ತು. ಅಂತೂ ಇಂತೂ ಇನ್ನೂರು ವರ್ಷ ಹಿಡಿಯಿತು.

ಆ ಕಾಲದ ಪೀಸಾದವರಿಗೆ ಈ ತಡೆಗಳು ದೌರ್ಭಾಗ್ಯವೆಂದೇ ತೋರಿರಬೇಕು. ಆದರೆ ಮಣ್ಣಿನ ಶಾಸ್ತ್ರವನ್ನು ಬಲ್ಲ ಇಂದಿನ ಇಂಜಿನಿಯರುಗಳು ಲೆಕ್ಕಹಾಕಿ ಹೇಳುವುದೇನೆಂದರೆ, ಕೆಲಸವು ನಡುವೆ ನಿಲ್ಲದೆ ಒಂದೇ ಸಮನೆ ಸಾಗಿದ್ದರೆ ಗೋಪುರವು ಮುಗಿಯುವುದಕ್ಕೆ ಮೊದಲೇ ನೆಲವು ಕುಸಿದು ಉರುಳಿಬೀಳುತ್ತಿತ್ತು! ಇದು ಹೇಗೆಂಬುದನ್ನು ನಮ್ಮ ಅಡಿಗೆಮನೆಯ ಒಂದು ದೃಷ್ಟಾಂತದಿಂದ ತಿಳಿಯಬಹುದು. ಶ್ರೀಖಂಡವನ್ನು ಮಾಡುವವರು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಹದವಾದ ಭಾರವನ್ನಿಟ್ಟು ಇಡಿಯ ರಾತ್ರಿ ಬಿಡುವರಷ್ಟೆ. ನೀರು ತೊಟ್ಟು ತೊಟ್ಟಾಗಿ ಇಳಿದುಹೋಗಿ ಬೆಳಗಾಗುವಷ್ಟರಲ್ಲಿ ಮೊಸರು ಗಟ್ಟಿಯಾಗಿ, ಇನ್ನಷ್ಟು ಭಾರವನ್ನು ತಾಳುವಂತಾಗುತ್ತದೆ. ಅವಸರಪಟ್ಟು ಹಸಿಯ ಮೊಸರಿನ ಮೇಲೆ ಬೀಸುವ ಕಲ್ಲನ್ನೇ ಹೇರಿದರೆ ಎಲ್ಲವೂ ಬದಿಗಳಿಂದ ಹೊರಕ್ಕೆ ಚಿಮ್ಮಿಬಿಡುವುದು. ಪೀಸಾದ ಜೇಡಿಮಣ್ಣೂ ಹಾಗೆಯೇ. ಅದರ ಕಣಗಳ ನಡುವೆ ತುಂಬಿರುವ ನೀರು ಭಾರಕ್ಕೆ ಸಿಕ್ಕಿ ಹೊರಗೆ ಹೋಗಬೇಕಾದರೆ ತಿಂಗಳುಗಳಲ್ಲ, ವರ್ಷಗಳು ಬೇಕು. ಮೊದಲನೆಯ ತೊಂಬತ್ತು ವರ್ಷಗಳ ಬಿಡುವಿನಲ್ಲಿ ಅದು ಮೂರು ಅಂತಸ್ತುಗಳ ಭಾರವನ್ನು ಹೊತ್ತು ಗಟ್ಟಿಯಾಯಿತು. ಎರಡನೆಯ ಬಿಡುವಿನಲ್ಲಿ ಏಳರ ಭಾರಕ್ಕೆ ಗಟ್ಟಿಯಾಯಿತು. ಶತ್ರುಗಳ ಹಡಗುಗಳು ಪೀಸಾದ ಅಧಿಕಾರವನ್ನು ಮುರಿದವು, ಆದರೆ ಅದರ ಗೋಪುರವನ್ನು ಉಳಿಸಿದವು.

ಮತ್ತೊಂದು ವಿಚಿತ್ರವುಂಟು. ಗೋಪುರವು ಮೊದಲು ವಾಲಿದ್ದು ದಕ್ಷಿಣಕ್ಕಲ್ಲ. ಮೊದಲನೆಯ ಬಿಡುವಿನ ಕಾಲದಲ್ಲಿ ಅದು ಉತ್ತರಕ್ಕೆ ಎಷ್ಟೋ ಸ್ವಲ್ಪ ಬಾಗಿತ್ತು. ಎರಡನೆಯ ಸಲ ಕೆಲಸ ನಡೆದಾಗ ದಕ್ಷಿಣಕ್ಕೆ ತಿರುಗಿತು. ಇದನ್ನು ನಾವು ಬಲ್ಲೆವಾದರೆ ಕಲ್ಲುಕುಟಿಗರ ಜಾಣತನವೇ ಅದಕ್ಕೆ ಕಾರಣ. ಪ್ರತಿ ಅಂತಸ್ತನ್ನು ಏರಿಸುವಾಗಲೂ ಅವರು ಗೋಪುರವು ವಾಲಿರುವುದನ್ನು ಕಂಡು, ಹೊಸ ಸಾಲನ್ನು ನೆಟ್ಟಗೆ ಮಾಡುವುದಕ್ಕಾಗಿ ಇಳಿದ ಕಡೆಯಲ್ಲಿ ಎತ್ತರವಾದ ಕಲ್ಲುಗಳನ್ನೂ ಏರಿದ ಕಡೆಯಲ್ಲಿ ಗಿಡ್ಡನೆಯ ಕಲ್ಲುಗಳನ್ನೂ ಇಟ್ಟರು. ಆದಕಾರಣ ಗೋಪುರವು ಸರಳರೇಖೆಯಾಗಿರದೆ ಬಾಳೆಯ ಹಣ್ಣಿನಂತೆ ತುಸು ಡೊಂಕಾಗಿದೆ. ಯಾವ ಅಂತಸ್ತಿನಲ್ಲಿ ಎಷ್ಟು ತಿದ್ದಿದರೆಂಬುದನ್ನು ಅಳೆದು, ಯಾವ ಕಾಲದಲ್ಲಿ ಎಷ್ಟು ವಾಲಿತ್ತೆಂಬುದನ್ನು ವಿದ್ವಾಂಸರು ಓದಿ ತಿಳಿದಿದ್ದಾರೆ. ಎಲ್ಲಕ್ಕಿಂತ ಸ್ಪಷ್ಟವಾದ ಗುರುತು ಗಂಟೆಯ ಮಂಟಪದಲ್ಲಿದೆ. ಏಳನೆಯ ಅಂತಸ್ತಿನಿಂದ ಮಂಟಪದ ನೆಲಕ್ಕೆ ಏರುವುದಕ್ಕೆ ಉತ್ತರದಲ್ಲಿ ನಾಲ್ಕೇ ಮೆಟ್ಟಲುಗಳು, ದಕ್ಷಿಣದಲ್ಲಿ ಆರು. ಮಂಟಪವನ್ನು ಕಟ್ಟಿದವನು ಆಂದ್ರೇಯಾ ಪೀಸಾನೋ ಎಂಬ ಶಿಲ್ಪಿಯ ಮಗನಾದ ತೊಮ್ಮಾಸೋ. ಅವನು ಬರಹದಲ್ಲಿ ಏನನ್ನೂ ಹೇಳಿಹೋಗದಿದ್ದರೂ ಆ ಎರಡು ಹೆಚ್ಚಿನ ಮೆಟ್ಟಲುಗಳು ಅವನ ಚಿಂತೆಯನ್ನು ನಮಗೆ ತಿಳಿಸುತ್ತವೆ.

ಈ ಗೋಪುರದೊಡನೆ ಗಲಿಲಿಯೋನ ಹೆಸರು ಸೇರಿಕೊಂಡಿರುವುದನ್ನು ವಿದ್ಯಾರ್ಥಿನಿಯರು ಬಲ್ಲರು. ಅವನು ೧೫೬೪ ರಲ್ಲಿ ಇದೇ ಪಟ್ಟಣದಲ್ಲಿ ಹುಟ್ಟಿದವನು. ಗೋಪುರದ ಮೇಲಿನಿಂದ ಬೇರೆ ಬೇರೆ ತೂಕದ ಗುಂಡುಗಳನ್ನು ಕೆಳಗೆ ಬಿಟ್ಟು, ಅವು ಒಟ್ಟಿಗೆ ನೆಲವನ್ನು ಮುಟ್ಟುವುದನ್ನು ತೋರಿಸಿದನೆಂಬ ಕಥೆಯನ್ನು ಅವನ ಶಿಷ್ಯನಾದ ವಿವಿಯಾನಿ ಎಂಬವನು ಬರೆದಿಟ್ಟಿದ್ದಾನೆ. ಗಲಿಲಿಯೋ ತನ್ನ ಗ್ರಂಥಗಳಲ್ಲಿ ಎಲ್ಲಿಯೂ ಈ ಗೋಪುರದ ಪ್ರಯೋಗವನ್ನು ಹೇಳಿಕೊಂಡಿಲ್ಲವಾದುದರಿಂದ ಚರಿತ್ರಕಾರರಲ್ಲಿ ಅನೇಕರು ಇದನ್ನು ನಂಬುವುದಿಲ್ಲ. ಕಥೆ ಸೊಗಸಾಗಿದೆಯೆಂಬುದನ್ನು ಮಾತ್ರ ಒಪ್ಪಿಕೊಂಡು ಮುಂದೆ ಸಾಗುವೆವು.

ಗೋಪುರಕ್ಕೆ ನಿಜವಾದ ಅಪಾಯವು ಒದಗಿದ್ದು ಅದರ ಮೇಲೆ ಪ್ರೀತಿಯುಳ್ಳವರಿಂದ. ಬುಡವು ಹತ್ತು ಅಡಿಗಳಷ್ಟು ನೆಲದಲ್ಲಿ ಹೂತುಹೋಗಿದ್ದುದರಿಂದ, ಕಂಬಗಳ ಪೀಠಗಳು ನೋಡುವವರ ಕಣ್ಣಿಗೆ ಬೀಳುತ್ತಿರಲಿಲ್ಲ. ೧೮೩೮ ರಲ್ಲಿ ಅಲೆಸ್ಸಾಂದ್ರೋ ದೆಲ್ಲಾ ಗೆರಾರ್ದೆಸ್ಕಾ ಎಂಬ ಶಿಲ್ಪಿಯು ಗೋಪುರದ ಸುತ್ತಲೂ ಅಗೆಯಿಸಿ, ಆ ಪೀಠಗಳು ಕಾಣುವಂತೆ ಒಂದು ತಗ್ಗಾದ ನಡೆದಾರಿಯನ್ನು ಮಾಡಿಸಿದನು. ಅಲ್ಲಿಯ ನೆಲದಲ್ಲಿ ನೀರು ಕೆಲವೇ ಅಡಿಗಳ ಕೆಳಗಿದೆ. ಅಗೆದೊಡನೆ ದಕ್ಷಿಣದ ಕಡೆಯಲ್ಲಿ ನೀರು ನುಗ್ಗಿಬಂದಿತು. ಗೋಪುರವು ಸುಮಾರು ಅರ್ಧ ಡಿಗ್ರಿಯಷ್ಟು ಹೆಚ್ಚಾಗಿ ವಾಲಿಬಿಟ್ಟಿತು. ಇದಕ್ಕೆ ಇಪ್ಪತ್ತು ವರ್ಷ ಹಿಂದೆ, ೧೮೧೭ ರಲ್ಲಿ, ಕ್ರೆಸ್ಸಿ, ಟೇಲರ್ ಎಂಬ ಇಬ್ಬರು ಇಂಗ್ಲಿಷ್ ಶಿಲ್ಪಿಗಳು ತೂಗುಗುಂಡನ್ನು ಇಳಿಬಿಟ್ಟು ವಾಲಿಕೆಯನ್ನು ಅಳೆದಿಟ್ಟಿದ್ದರಾಗಿ, ಎಷ್ಟು ಕೆಟ್ಟಿತೆಂಬುದನ್ನು ತಿಳಿಯುವುದು ಸಾಧ್ಯವಾಯಿತು. ಬಳಿಕ ೧೯೩೪ ರಲ್ಲಿ ಮುಸ್ಸೊಲಿನಿಯ ಸರಕಾರವು, ದೇಶದ ಹೆಸರನ್ನು ಹೇಳುವ ಗೋಪುರವು ಸೊಟ್ಟಗಿರುವುದು ಕೂಡದೆಂದು, ಅಸ್ತಿವಾರದಲ್ಲಿ ಮುನ್ನೂರಕ್ಕೂ ಹೆಚ್ಚು ತೂತುಗಳನ್ನು ಕೊರೆಯಿಸಿ ಸಿಮೆಂಟನ್ನು ತುಂಬಿಸಿತು. ಗೋಪುರವು ನೆಟ್ಟಗಾಗುವ ಬದಲು ಮತ್ತಷ್ಟು ದಕ್ಷಿಣಕ್ಕೆ ಜರುಗಿತು. ೧೯೬೦ ರಿಂದೀಚೆಗೆ ಮೈದಾನದ ಆಳದ ಬಾವಿಗಳಿಂದ ನೀರನ್ನು ಹೆಚ್ಚಾಗಿ ಎತ್ತತೊಡಗಿದಾಗಲೂ ವಾಲಿಕೆಯು ಚುರುಕಾಯಿತು. ಸುತ್ತಲಿನ ಬಾವಿಗಳನ್ನು ಮುಚ್ಚಿಸಿದ ಮೇಲೆ ತಗ್ಗಿತು. ನೆಲವನ್ನು ಅರಿಯದೆ ಕಟ್ಟಡಕ್ಕೆ ಕೈಹಾಕಿದವರೆಲ್ಲರಿಗೂ ಗೋಪುರವು ಒಂದೇ ಉತ್ತರವನ್ನು ಕೊಟ್ಟಿತೆನ್ನಬಹುದು.

ಘಂಟಾಗೋಪುರಗಳು ಬೀಳುವುದುಂಟೇ ಎಂದು ಕೇಳುವವರಿಗೆ ಇಟಲಿಯಲ್ಲಿಯೇ ಎರಡು ನಿದರ್ಶನಗಳಿವೆ. ವೆನಿಸ್ ಪಟ್ಟಣದ ಸಂತ ಮಾರ್ಕನ ಘಂಟಾಗೋಪುರವು ೧೯೦೨ ರ ಜುಲೈ ೧೪ ರಂದು ಬೆಳಗಿನಲ್ಲಿ ಕುಸಿದು ರಾಶಿಯಾಗಿ ಬಿದ್ದಿತು. ಮುಂಚಿತವಾಗಿ ಬಿರುಕುಗಳು ಕಂಡದ್ದರಿಂದ ಜನರನ್ನು ದೂರ ಕಳುಹಿಸಿದ್ದರಾಗಿ ಪ್ರಾಣನಷ್ಟವಾಗಲಿಲ್ಲ. ಅದನ್ನು ಅದೇ ಸ್ಥಳದಲ್ಲಿ ಅದೇ ರೂಪದಲ್ಲಿ ೧೯೧೨ ರಲ್ಲಿ ಕಟ್ಟಿ ಮುಗಿಸಿದರು. ಪಾವಿಯಾ ಎಂಬ ಪಟ್ಟಣದ ಪುರಾತನ ಗೋಪುರಕ್ಕೆ ಅಂಥ ಮುನ್ಸೂಚನೆಯ ದಯೆಯೂ ಇರಲಿಲ್ಲ. ೧೯೮೯ ರ ಮಾರ್ಚ್ ೧೭ ರಂದು ಅದು ಹಠಾತ್ತಾಗಿ ಕುಸಿದುಬಿದ್ದು ನಾಲ್ವರು ಮಡಿದರು. ಅದರ ಗೋಡೆಯೂ ಪೀಸಾದ್ದರಂತೆ ಹೊರಗೆ ಹೊದಿಕೆ, ಒಳಗೆ ಜಲ್ಲಿಯ ತುಂಬು. ಪೀಸಾದ ಗೋಪುರವಾದರೋ ಆಗ ಐದೂವರೆ ಡಿಗ್ರಿ ವಾಲಿತ್ತು. ಏಳನೆಯ ಅಂತಸ್ತಿನ ಅಂಚು ಬುಡವನ್ನು ಮೀರಿ ಸುಮಾರು ಹದಿನೈದು ಅಡಿ ಹೊರಕ್ಕೆ ಚಾಚಿತ್ತು. ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಾಗಿ ಇನ್ನೂ ವಾಲುತ್ತಲೇ ಇತ್ತು. ೧೯೯೦ ರ ಜನವರಿ ೭ ರಂದು ಜನರು ಏರದಂತೆ ಅದನ್ನು ಮುಚ್ಚಿದರು.

ಇಟಲಿಯ ಸರಕಾರವು ಯಾಮಿಯೊಲ್ಕೋವ್ಸ್ಕಿ ಎಂಬ ಪ್ರೊಫೆಸರರ ನೇತೃತ್ವದಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಲಂಡನ್ನಿನ ಪ್ರೊಫೆಸರ್ ಜಾನ್ ಬರ್ಲೆಂಡರು ಅದರ ಸದಸ್ಯರಲ್ಲೊಬ್ಬರು. ಅವರ ಮುಂದಿದ್ದ ಕಷ್ಟವನ್ನು ಯೋಚಿಸಿರಿ. ಗೋಪುರವನ್ನು ಮುಟ್ಟದೆ ಬಿಟ್ಟರೆ ಬೀಳುವುದು. ಅಸ್ತಿವಾರದ ಕೆಳಗೆ ಅಗೆದು ಹೊಸ ಬುಡವನ್ನು ಕೊಡೋಣವೆಂದರೆ ಅಗೆಯುವಾಗಲೇ ಬಿದ್ದೀತು. ಹೊರಗಿನಿಂದ ಊರೆಗೋಲು ಕೊಟ್ಟರೆ ಅದರ ಅಂದವೇ ಹಾಳು. ಮೆತ್ತನೆಯ ಹಾಸಿಗೆಯ ಮೇಲೆ ಕೊಡದ ಮೇಲೆ ಕೊಡವನ್ನು ಪೇರಿಸಿ ನಿಲ್ಲಿಸಿದವರಿಗೆ, ಒಂದು ಕಡೆಯಿಂದ ಬೆರಳು ತಾಗಿಸುವುದಕ್ಕೂ ಎಷ್ಟು ಭಯವಾಗುವುದೋ ಅಷ್ಟು ಭಯ ಅವರಿಗಿತ್ತು.

೧೯೯೨ ರಲ್ಲಿ ಕೆಳಗಿನ ಅಂತಸ್ತಿನ ಮೇಲ್ಭಾಗದಲ್ಲಿ, ಭಾರವು ಹೆಚ್ಚಾಗಿ ಒತ್ತಿ ಕಲ್ಲು ಸಿಡಿಯುವ ಸಂಭವವಿದ್ದೆಡೆಯಲ್ಲಿ, ಉಕ್ಕಿನ ತಂತಿಹಗ್ಗಗಳನ್ನು ಡಾಬಿನಂತೆ ಬಿಗಿದರು. ಮರುವರ್ಷ ಉತ್ತರದ ಬುಡದ ಮೇಲೆ ಒಟ್ಟು ೬೦೦ ಟನ್ನು ಸೀಸದ ಗಟ್ಟಿಗಳನ್ನು ಒಂದೊಂದಾಗಿ ಪೇರಿಸಿದರು. ಉತ್ತರದ ಅಂಚು ವರುಷ ವರುಷಕ್ಕೂ ಮೇಲೇಳುತ್ತಿದೆಯೆಂಬುದನ್ನು ಅವರು ಕಂಡುಕೊಂಡಿದ್ದರು. ಅದನ್ನು ಒತ್ತಿಹಿಡಿಯುವುದೇ ಈ ಭಾರದ ಉದ್ದೇಶ. ಶತಮಾನಗಳಲ್ಲಿ ಮೊದಲನೆಯ ಸಲ ಗೋಪುರವು ಕೂದಲೆಳೆಯಷ್ಟು ಹಿಂದಕ್ಕೆ ಬಂದಿತು. ಆದರೆ ಆ ಸೀಸದ ರಾಶಿಯು ನೋಡುವುದಕ್ಕೆ ಬಹು ವಿಕಾರವಾಗಿದೆಯೆಂದು ಜನರು ಗೊಣಗಿದುದರಿಂದ, ಅದರ ಬದಲಾಗಿ ನೆಲದ ಆಳಕ್ಕೆ ಬಿಗಿಯುವ ಹಗ್ಗಗಳನ್ನು ಹಾಕುವ ಯೋಚನೆಯು ನಡೆಯಿತು. ೧೯೯೫ ರಲ್ಲಿ ಅದಕ್ಕಾಗಿ ನೆಲದ ನೀರನ್ನು ದ್ರವರೂಪದ ನೈಟ್ರೋಜನ್ನಿನಿಂದ ಹೆಪ್ಪುಗಟ್ಟಿಸಿ ಅಗೆಯುತ್ತಿರಲು, ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ ಗೋಪುರವು ಇಡಿಯ ವರ್ಷದಲ್ಲಿ ವಾಲುತ್ತಿದ್ದಷ್ಟನ್ನು ಒಂದೇ ಸಲಕ್ಕೆ ವಾಲಿಬಿಟ್ಟಿತು. ಕೆಲಸವನ್ನು ತಟ್ಟನೆ ನಿಲ್ಲಿಸಿ, ಮತ್ತೆ ೩೦೦ ಟನ್ನು ಸೀಸವನ್ನು ಹೇರಿ, ಹೇಗೋ ತಡೆದರು. ಎಂಟುನೂರು ವರ್ಷಗಳಲ್ಲಿ ಅದು ಬೀಳುವುದಕ್ಕೆ ಇದಕ್ಕಿಂತ ಸಮೀಪವಾಗಿದ್ದ ಗಳಿಗೆಯು ಬಹುಶಃ ಇನ್ನೊಂದಿರಲಾರದು. ಅದನ್ನು ರಕ್ಷಿಸಲು ಬಂದವರ ಕಣ್ಣೆದುರಿಗೇ ಹೀಗಾಯಿತು.

ಕಡೆಗೆ ಫಲಿಸಿದ ಉಪಾಯವು ಸಾಧಾರಣವಾಗಿಯೇ ತೋರುತ್ತದೆ. ಇಳಿದ ದಕ್ಷಿಣದ ಬದಿಯನ್ನು ಮೇಲೆತ್ತುವುದು ಅಸಾಧ್ಯವಾದರೆ, ಏರಿದ ಉತ್ತರದ ಬದಿಯನ್ನೇ ತುಸು ಇಳಿಸಬಾರದೇಕೆ? ಉತ್ತರದ ಬುಡದ ಕೆಳಗಿನಿಂದ ಚೂರು ಚೂರಾಗಿ ಮಣ್ಣನ್ನು ತೆಗೆದರೆ ಗೋಪುರವು ತನ್ನ ಭಾರದಿಂದಲೇ ಆ ಕಡೆಗೆ ಕೂರುವುದು. ತೆರಾಚೀನಾ ಎಂಬ ಇಟಲಿಯ ಇಂಜಿನಿಯರು ಈ ಮಾತನ್ನು ೧೯೬೨ ರಲ್ಲಿಯೇ ಹೇಳಿದ್ದರೂ ಅದನ್ನು ಪ್ರಯೋಗಿಸುವ ಧೈರ್ಯವು ಆಗ ಯಾರಿಗೂ ಬಂದಿರಲಿಲ್ಲ. ೧೯೯೯ ರ ಫೆಬ್ರವರಿಯಲ್ಲಿ, ಅಪಾಯವಾದರೆ ಹಿಡಿಯುವುದಕ್ಕೆಂದು ಗೋಪುರಕ್ಕೆ ದೂರದಿಂದ ಹಗ್ಗಗಳನ್ನು ಕಟ್ಟಿಟ್ಟು, ಓರೆಯಾದ ಹನ್ನೆರಡು ಕೊಳವೆಗಳ ಮೂಲಕ ಪರೀಕ್ಷಾರ್ಥವಾಗಿ ಮಣ್ಣನ್ನು ತೆಗೆಯಲಾರಂಭಿಸಿದರು. ದಿನಕ್ಕೆ ಕೆಲವು ಬುಟ್ಟಿಗಳಷ್ಟು ತೆಗೆಯುವುದು. ಗೋಪುರವು ಏನು ಮಾಡಿತೆಂದು ಅಳೆಯುವುದು. ಆಮೇಲೆ ಮಾರನೆಯ ದಿನದ ಯೋಚನೆ. ಅದು ಒಪ್ಪಿಕೊಂಡಿತು. ಬಳಿಕ ೪೧ ಕೊಳವೆಗಳಿಂದ ೨೦೦೦ ದಲ್ಲಿಯೂ ೨೦೦೧ ರ ಮೊದಲ ತಿಂಗಳುಗಳಲ್ಲಿಯೂ ಕೆಲಸವು ಸಾಗಿತು. ಒಟ್ಟಿನಲ್ಲಿ ತೆಗೆದ ಮಣ್ಣು ಸುಮಾರು ೩೮ ಘನ ಮೀಟರು, ಎಂದರೆ ಒಂದು ದೊಡ್ಡ ಕೋಣೆಯನ್ನು ತುಂಬುವಷ್ಟು. ಗೋಪುರದ ತಲೆಯು ಸುಮಾರು ಹದಿನೇಳು ಅಂಗುಲ ಹಿಂದಕ್ಕೆ ಬಂದಿತು; ವಾಲಿಕೆಯು ಅರ್ಧ ಡಿಗ್ರಿ ಕಡಮೆಯಾಯಿತು. ೧೮೩೮ ರಲ್ಲಿ ಗೆರಾರ್ದೆಸ್ಕಾನು ನೆಲವನ್ನು ಅಗೆಯುವುದಕ್ಕೆ ಮೊದಲು ಹೇಗಿತ್ತೋ ಹಾಗಾಯಿತು. ಸೀಸದ ಗಟ್ಟಿಗಳನ್ನೂ ಹಗ್ಗಗಳನ್ನೂ ತೆಗೆದುಹಾಕಿದರು. ಮಳೆಗಾಲದಲ್ಲಿ ಉತ್ತರದ ಕಡೆಯ ನೀರು ಏರಿ ಗೋಪುರವನ್ನು ದಕ್ಷಿಣಕ್ಕೆ ನೂಕುತ್ತಿದ್ದುದನ್ನು ಬರ್ಲೆಂಡರು ಕಂಡುಹಿಡಿದಿದ್ದರಿಂದ ಆ ನೀರು ಹರಿದುಹೋಗಲು ಕಾಲುವೆಗಳನ್ನೂ ಮಾಡಿದರು. ೨೦೦೧ ರ ಡಿಸೆಂಬರಿನಲ್ಲಿ ಗೋಪುರದ ಬಾಗಿಲನ್ನು ಜನರಿಗೆ ಮತ್ತೆ ತೆರೆದರು. ೨೦೦೮ ರಲ್ಲಿ, ಅಳತೆಗಳನ್ನೆಲ್ಲ ನೋಡಿ, ಅದು ಅಲುಗಾಡದೆ ನಿಂತಿದೆಯೆಂದು ಪ್ರಕಟಿಸಿದರು.

ಇನ್ನಷ್ಟು ಮಣ್ಣನ್ನು ತೆಗೆದು ಪೂರ್ತಿಯಾಗಿ ನೆಟ್ಟಗೆ ಮಾಡಬಹುದಾಗಿತ್ತಲ್ಲಾ ಎಂದು ಕೆಲವರು ಕೇಳಿಯಾರು. ವಾಲದ ಗೋಪುರವನ್ನು ನೋಡುವುದಕ್ಕೆ ಪೀಸಾಕ್ಕೆ ಯಾರು ಹೋದಾರು ಎಂಬ ಮಾತು ಹಾಗಿರಲಿ. ಗೋಪುರವು ಬಾಳೆಯ ಹಣ್ಣಿನಂತೆ ಡೊಂಕಾಗಿರುವುದರಿಂದ, ಬುಡವನ್ನು ನೆಟ್ಟಗೆ ಮಾಡಿದರೆ ತಲೆಯು ಉತ್ತರಕ್ಕೆ ವಾಲುವುದು! ಅದನ್ನು ಕಟ್ಟಿದವರು ಮಾಡಿದ ತಿದ್ದುಗಳೆಲ್ಲವೂ ಆಗ ತಪ್ಪುಗಳಾಗಿ ಕಾಣುವುವು. ನೋಡುವವರ ಕಣ್ಣಿಗೆ ವ್ಯತ್ಯಾಸವೇ ತಿಳಿಯದಷ್ಟು ತಿದ್ದಿ, ಉಳಿದುದನ್ನು ಹಾಗೆಯೇ ಬಿಟ್ಟುದು ಸಮಿತಿಯ ವಿವೇಕವೆಂದು ನಾವು ಎಣಿಸುತ್ತೇವೆ.

ಆ ಮೆತ್ತನೆಯ ನೆಲವನ್ನು ಇಷ್ಟು ಹೊತ್ತು ದೂರಿದೆವಷ್ಟೆ. ಅದರ ಪರವಾಗಿಯೂ ಒಂದು ಮಾತನ್ನು ಹೇಳದಿದ್ದರೆ ನ್ಯಾಯವಾಗದು. ೧೨೮೦ ರಿಂದೀಚೆಗೆ ಆ ಪ್ರಾಂತದಲ್ಲಿ ಬಲವಾದ ಭೂಕಂಪಗಳು ನಾಲ್ಕಾದರೂ ಆಗಿವೆ. ವಾಲಿದ ಗೋಪುರವು ಅವುಗಳಲ್ಲಿ ಹೇಗೆ ಉಳಿಯಿತೆಂಬುದನ್ನು ವಿಚಾರಿಸಿದ ಇಂಜಿನಿಯರುಗಳು ೨೦೧೮ ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಎತ್ತರವಾದ ಬಿರುಸಾದ ಗೋಪುರವು ಬಹು ಮೆತ್ತನೆಯ ಮಣ್ಣಿನ ಮೇಲೆ ನಿಂತಿರುವುದರಿಂದ ಅದರ ತೂಗಾಟದ ಗತಿಯು ನಿಧಾನವಾಗಿ, ನೆಲದ ನಡುಕದ ಗತಿಯೊಡನೆ ಕೂಡಿಕೊಳ್ಳುವುದಿಲ್ಲವಂತೆ. ಉಯ್ಯಾಲೆಯನ್ನು ತಾಳತಪ್ಪಿ ನೂಕಿದರೆ ಅದು ಏರುವುದಿಲ್ಲವಷ್ಟೆ. ಯಾವ ಮಣ್ಣು ಗೋಪುರವನ್ನು ವಾಲಿಸಿತೋ ಅದೇ ಮಣ್ಣು ಭೂಕಂಪಗಳಿಂದ ಅದನ್ನು ಕಾಪಾಡಿತು.

ಗೋಪುರದ ಮಾತಿನಲ್ಲಿ ಗಂಟೆಗಳನ್ನು ಮರೆಯಲಾಗದು. ಸಂಗೀತದ ಸ್ವರಗಳಂತೆ ಏಳು ಗಂಟೆಗಳು ಅಲ್ಲಿವೆ. ದೊಡ್ಡದು ಹದಿನೇಳನೆಯ ಶತಮಾನದಲ್ಲಿ ಎರಕಹೊಯ್ದ ಅಸ್ಸೂಂತಾ ಎಂಬುದು. ಮೂರೂವರೆ ಟನ್ನಿಗೂ ಮಿಕ್ಕ ತೂಕವುಳ್ಳದ್ದು. ಹಳೆಯದು ೧೨೬೨ ರ ಪಾಸ್ಕ್ವೆರೇಚ್ಚಾ ಎಂಬುದು. ಈಸ್ಟರ್ ಹಬ್ಬದಿಂದ ಅದಕ್ಕೆ ಆ ಹೆಸರು ಬಂದಿದೆ. ಅದನ್ನು ಎರೆದಾಗ ಗೋಪುರವು ಇನ್ನೂ ಮೂರೂವರೆ ಅಂತಸ್ತಿನ ಮೊಂಡಾಗಿ ನಿಂತಿತ್ತು. ಅದು ಈಗ ತೂಗುತ್ತಿರುವ ಮಂಟಪವನ್ನು ಕಟ್ಟಲು ಇನ್ನೂ ನೂರು ವರ್ಷ ಕಳೆಯಬೇಕಾಗಿತ್ತು. ಭಾರವಾದ ಗಂಟೆಗಳು ತೂಗಾಡಿದರೆ ಗೋಪುರಕ್ಕೆ ಕೇಡಾದೀತೆಂಬ ಭಯದಿಂದ ಅವುಗಳನ್ನು ತೂಗಿ ಬಾರಿಸುವ ಪದ್ಧತಿಯನ್ನು ಇಪ್ಪತ್ತನೆಯ ಶತಮಾನದಲ್ಲಿ ಬಿಟ್ಟರು. ಈಗ ಗಂಟೆಗಳು ಇದ್ದಲ್ಲಿಯೇ ಇರುವುವು. ಆರಾಧನೆಗೆ ಮೊದಲು ವಿದ್ಯುತ್ತಿನಿಂದ ನಡೆಯುವ ಸುತ್ತಿಗೆಗಳು ಅವುಗಳನ್ನು ಬಡಿದು ನುಡಿಸುತ್ತವೆ.